ಕಪಾಟಿನಲ್ಲಿದ್ದ ಚೆಂಡು

ಪುಣೆಯ ಹಿಂಜವಡಿ ಬಳಿಯ ಜಿಲ್ಲಾ ಪರಿಷತ್ ಶಾಲೆಯೊಂದಕ್ಕೆ ನಾವು ಐವರು ಕನ್ನಡಿಗ ಗೆಳೆಯರು ಫುಟ್‌ಬಾಲ್, ಬ್ಯಾಡ್ಮಿಂಟನ್ ಬ್ಯಾಟು ಕೊಡಿಸಿ, ಫೋಟೊ ತೆಗೆಸಿಕೊಂಡು ಬಂದಿದ್ದೆವು. ಮೂರು ತಿಂಗಳ ನಂತರ ಹೋದರೆ ಎಲ್ಲವೂ ಕಪಾಟಿನಲ್ಲಿ, ಬೀಗದೊಳಗೆ! 'ಕಳೆದುಹೋದರೆ ಲೆಕ್ಕ ಕೊಡೋರು ಯಾರು?' ಎಂದರು ಶಿಕ್ಷಕರು. ತಪ್ಪು ಅವರದ್ದಲ್ಲ; ಮಕ್ಕಳನ್ನು ಆಡಿಸುವವರೇ ಅಲ್ಲಿರಲಿಲ್ಲ.

ಸಮಗ್ರ ಶಿಕ್ಷಾ ಯೋಜನೆಯಡಿ ಕ್ರೀಡಾ ಸಾಮಗ್ರಿಗೆ ಸರ್ಕಾರಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂ., ಹಿರಿಯ ಪ್ರಾಥಮಿಕಕ್ಕೆ 10,000 ರೂ. ವರೆಗೆ ಅನುದಾನವಿದೆ. ಅದರಿಂದ ಚೆಂಡು ಬರುತ್ತದೆ, ತರಬೇತುದಾರರು ಬರುವುದಿಲ್ಲ.

ಹಾಗಾಗಿ ಲೆಕ್ಕ ಬದಲಿಸಿದೆವು. ತಿಂಗಳಿಗೆ ತಲಾ 2,000 ರೂ. ಸೇರಿಸಿ, ಅದೇ ಊರಿನ ಮಾಜಿ ಖೊಖೊ ಆಟಗಾರ್ತಿಯೊಬ್ಬರಿಗೆ ಗೌರವಧನ ಕೊಡುತ್ತಿದ್ದೇವೆ. ಎರಡು ಕಂಬ, ಸುಣ್ಣದ ಗೆರೆ, ಸಂಜೆ ಒಂದು ಗಂಟೆ. ಕಲಿಸುವವರು ಹೆಂಗಸು ಎಂದ ಮೇಲೆ ಹೆಣ್ಣುಮಕ್ಕಳನ್ನೂ ಮನೆಯವರು ಕಳಿಸತೊಡಗಿದರು.

ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ ಕಡೆಯವರ ಮಗಳೊಬ್ಬಳು ಮರಾಠಿ ಬಾರದೆ ತರಗತಿಯಲ್ಲಿ ಮೂಲೆ ಹಿಡಿದಿದ್ದಳು. 'ಖೋ' ಎನ್ನಲು ಭಾಷೆ ಬೇಕಾಗಲಿಲ್ಲ. ಮೊನ್ನೆ ಓಡಿಬಂದು ಕೇಳಿದಳು: 'ಅಣ್ಣಾರ, ನಾಳಿಗೂ ಅಕ್ಕೋರು ಬರ್ತಾರಿಲ್ರಿ?'

ಗೆಳೆಯನೊಬ್ಬನಿಗೆ ಹೈದರಾಬಾದಿಗೆ ವರ್ಗವಾಗಿದೆ. ಅವನ ಪಾಲು ತುಂಬಲು ಕೇಳಿದವರೆಲ್ಲ 'ಬ್ಯಾಟು ಕೊಡಿಸ್ತೀವಿ' ಎನ್ನುತ್ತಾರೆ. ತಿಂಗಳ ಗೌರವಧನ ಎಂದರೆ ಹಿಂದೇಟು. ಸದ್ಯ ನಾಲ್ವರೇ ತಲಾ 2,500 ಹಾಕುತ್ತಿದ್ದೇವೆ. ನೀವೂ ಯಾವುದಾದರೂ ಶಾಲೆಗೆ ಕೊಡುವುದಿದ್ದರೆ ಮೊದಲು ಆಡಿಸುವವರನ್ನು ಹುಡುಕಿ, ಚೆಂಡು ಆಮೇಲೆ.