ಜನರಲ್ ಸಾಹೇಬರ ಕಟ್ಟಳೆ, ಹುಡುಗಿಯರ ಕಿಮೋನೊ

ರಷ್ಯಾ-ಜಪಾನ್ ಯುದ್ಧದ ವೀರ, ಜನರಲ್ ನೋಗಿ ಮಾರೆಸುಕೆ 1907ರಲ್ಲಿ ಟೋಕಿಯೊದ ಗಕುಶುಯಿನ್ ಶಾಲೆಯ ಮುಖ್ಯಸ್ಥರಾದರು. ದೊಡ್ಡ ಮನೆತನದ ಮಕ್ಕಳು ಓದುವ ಶಾಲೆ; ಮುಖ್ಯಸ್ಥರೋ ಸರಳತೆಯನ್ನು ವ್ರತದಂತೆ ಹಿಡಿದವರು. ಹೆಣ್ಣುಮಕ್ಕಳು ‘ಮೆಯಿಸೆನ್’ ಎಂಬ ಅಗ್ಗದ ರೇಷ್ಮೆಗಿಂತ ದುಬಾರಿ ಬಟ್ಟೆ ಉಟ್ಟು ಬರಕೂಡದೆಂದು ಕಟ್ಟಳೆ ಮಾಡಿದರಂತೆ. ಆಗಿನ ಮೆಯಿಸೆನ್‌ನ ಮಂಕು ಪಟ್ಟೆಗಳು ಹುಡುಗಿಯರಿಗೆ ಎಲ್ಲಿ ಹಿಡಿಸಬೇಕು? ಮೆಯಿಸೆನ್ನೇ ಸರಿ, ಆದರೆ ಬಣ್ಣ ಬೇಕು, ಹೂವು ಬೇಕು ಎಂದರು. ನೇಕಾರರು ಕೊಟ್ಟರು. ಬೆಡಗನ್ನು ಅಡಗಿಸಹೊರಟ ಆಜ್ಞೆಯೇ ಜಪಾನಿನ ಅತಿ ಬೆಡಗಿನ ರೇಷ್ಮೆಗೆ ದಾರಿ ಮಾಡಿಕೊಟ್ಟ ಈ ಕಥೆ ನನಗೆ ಬಲು ಇಷ್ಟ.

ಮೆಯಿಸೆನ್ ಹುಟ್ಟಿದ್ದು ಬಡತನದಲ್ಲಿ. ಒಳ್ಳೆಯ ರೇಷ್ಮೆಗೂಡಿನ ನೂಲೆಲ್ಲ ಯೊಕೊಹಾಮಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಎರಡು ಹುಳು ಸೇರಿ ಕಟ್ಟಿದ ಗೂಡು, ನಮ್ಮ ಶಿಡ್ಲಘಟ್ಟದ ರೀಲರುಗಳೂ ಬೇರೆ ತೆಗೆದಿಡುವಂಥದ್ದು, ರೈತರ ಮನೆಯಲ್ಲೇ ಉಳಿಯುತ್ತಿತ್ತು. ಅದರ ಗಂಟುಗಂಟು ನೂಲಿನಲ್ಲಿ ಚಿಚಿಬು, ಇಸೆಸಾಕಿ ಊರುಗಳ ಹೆಂಗಸರು ಮನೆಬಳಕೆಗೆ ಒರಟು ಬಟ್ಟೆ ನೇಯುತ್ತಿದ್ದರು. 1908ರಲ್ಲಿ ಚಿಚಿಬುವಿನ ಸಾಕಾಮೊಟೊ ಸೋತಾರೊ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದರು: ಹಾಸು (ಉದ್ದದ) ನೂಲಿಗೆ ತಾತ್ಕಾಲಿಕ ಹೊಕ್ಕು (ಅಡ್ಡ ನೂಲು) ಹಾಕಿ, ಅಚ್ಚಿನಿಂದ ಚಿತ್ರ ಮೂಡಿಸಿ, ಆ ಹೊಕ್ಕನ್ನು ಬಿಚ್ಚುತ್ತ ನಿಜವಾದ ಹೊಕ್ಕು ನೇಯುವುದು. ಅಲ್ಲಿಂದ ಮುಂದೆ ಗುಲಾಬಿ, ಮಿಂಚಿನ ಗೆರೆ, ಪ್ಯಾರಿಸ್ಸಿನ ಫ್ಯಾಷನ್ನು ಎಲ್ಲವೂ ಮಗ್ಗಕ್ಕೆ ಬಂದವು.

ಹಳೆಯ ಕಿಮೋನೊ ಕೈಗೆ ಸಿಕ್ಕರೆ ಮೊದಲು ಬಟ್ಟೆಯ ಹಿಂಬದಿ ನೋಡಿ. ಮೆಯಿಸೆನ್‌ನಲ್ಲಿ ಚಿತ್ರ ಎರಡೂ ಬದಿ ಒಂದೇ ತೆರ, ಅಂಚು ತುಸು ಕಲಸಿದಂತೆ. ಹಾಸು ನೂಲಿಗೆ ಮಾತ್ರ ಚಿತ್ರವಿದ್ದು, ಅಲುಗಿಸಿದಾಗ ಬಣ್ಣ ಹೊರಳಿದರೆ ಚಿಚಿಬು ಕಡೆಯದಿರಬಹುದು. ಹಾಸು ಹೊಕ್ಕು ಎರಡಕ್ಕೂ ಚಿತ್ರ ಬರೆದು ಗೆರೆ ಹೆಚ್ಚು ಖಚಿತವಾಗಿದ್ದರೆ ಇಸೆಸಾಕಿಯದಿರಬಹುದು. ಆಮೇಲೆ ಅಸ್ತರಿ. ಕಡುಗೆಂಪು ರೇಷ್ಮೆಯ ಅಸ್ತರಿ ಇದ್ದರೆ ಸಾಮಾನ್ಯವಾಗಿ ಎರಡನೇ ಮಹಾಯುದ್ಧಕ್ಕೆ ಮುಂಚಿನದು, ಬಿಳಿಯದು ನಂತರದ್ದು. ತೋಳಿನ ಇಳಿತವನ್ನೂ ಅಳೆಯಿರಿ. ಯುದ್ಧದ ನಂತರ ಅದು ಸುಮಾರು 49 ಸೆಂ.ಮೀ.ಗೆ ನಿಂತಿತು, ಹಿಂದಿನ ತರುಣಿಯರ ತೋಳು ಇನ್ನೂ ಉದ್ದ. ಯಾವುದೋ ಒಂದು ಗುರುತನ್ನೇ ನೆಚ್ಚಬೇಡಿ, ಬಿಚ್ಚಿ ಒಗೆದು ಮತ್ತೆ ಹೊಲಿಯುವುದು ಅಲ್ಲಿನ ವಾಡಿಕೆಯಾಗಿತ್ತು, ಅಸ್ತರಿ ಬದಲಾಗಿರಲೂಬಹುದು.

ಯುದ್ಧಕಾಲದಲ್ಲಿ, 1940ರ ಜುಲೈ 7ರಂದು, ಜಪಾನ್ ಸರ್ಕಾರ ಐಷಾರಾಮಿ ವಸ್ತುಗಳಿಗೆ ನಿಷೇಧ ಹೇರಿತು. ಯುದ್ಧ ಮುಗಿದ ಮೇಲೆ ಮೆಯಿಸೆನ್ ಕೆಲಕಾಲ ಮತ್ತೆ ಚಿಗುರಿತಾದರೂ ಸ್ಕರ್ಟು-ಬ್ಲೌಸುಗಳ ಎದುರು ನಿಲ್ಲಲಿಲ್ಲ. ಚಿಚಿಬುವಿನ ಮೆಯಿಸೆನ್‌ಗೆ ಸಾಂಪ್ರದಾಯಿಕ ಕರಕುಶಲವೆಂಬ ಸರ್ಕಾರಿ ಮನ್ನಣೆ ಸಿಕ್ಕಿದ್ದು 2013ರಲ್ಲಿ.

ಈಗಿನ ವ್ಯಾಪಾರಿಗಳ ಬಗ್ಗೆ ನನಗೆ ಸಿಟ್ಟಿದೆ. ಕಂಡದ್ದಕ್ಕೆಲ್ಲ, ಯುದ್ಧಕ್ಕೆ ಬಹಳ ಮುಂಚಿನ ‘ತೈಶೋ ಕಾಲದ್ದು’ ಎಂಬ ಚೀಟಿ ಅಂಟಿಸುತ್ತಾರೆ. ಕಲೆಬಿದ್ದ ಕೆಂಪು ಅಸ್ತರಿ ಕಿತ್ತೆಸೆದು ಮೇಲ್ಬಟ್ಟೆಯಲ್ಲಿ ಕೈಚೀಲ ಹೊಲಿಸುತ್ತಾರೆ. ಕಾಲ ಹೇಳುವ ಸಾಕ್ಷಿಯೇ ಅಲ್ಲಿಗೆ ಹೋಯಿತು. ನಿಮ್ಮ ಮನೆಗೆ ಅಂಥದ್ದೊಂದು ಬಂದರೆ, ದಯವಿಟ್ಟು ಅಸ್ತರಿಯನ್ನು ಮಾತ್ರ ಬಿಚ್ಚಬೇಡಿ.