ನ್ಯೂಟ್ರಾನ್ ಮತ್ತು ದ್ರವ್ಯಪರೀಕ್ಷೆ

ಸುವರ್ಣವನ್ನು ಒರೆ, ಛೇದ, ತಾಪ, ತಾಡನ ಎಂಬ ನಾಲ್ಕು ಬಗೆಗಳಿಂದ ಪರೀಕ್ಷಿಸಬೇಕೆಂಬುದು ಪೂರ್ವಿಕರ ಮತವು. ಇವುಗಳಲ್ಲಿ ಒರೆಯು ಅಲ್ಪವಾಗಿಯೂ, ಉಳಿದವು ಅಧಿಕವಾಗಿಯೂ ವಸ್ತುವನ್ನು ಕೆಡಿಸುವುವು. ಚಿನ್ನದ ಗಟ್ಟಿಗೆ ಇದು ಸಲ್ಲಬಹುದು. ಆದರೆ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯದ ಪ್ರಾಚೀನವಸ್ತುವನ್ನಾಗಲಿ, ಸಮೀಪದ ಕದ್ರಿಯಲ್ಲಿ ಆಳುಪ ಕುಂದವರ್ಮನು 968ರಲ್ಲಿ ಪ್ರತಿಷ್ಠಿಸಿದನೆಂದು ಶಾಸನವು ಹೇಳುವ ಲೋಕೇಶ್ವರನ ಲೋಹಮೂರ್ತಿಯನ್ನಾಗಲಿ ಛೇದಿಸಿ ನೋಡುವವರಾರು? ಒಡೆಯದೆ ಒಳಗನ್ನು ಅರಿಯುವ ಉಪಾಯವುಂಟೇ ಎಂಬುದೇ ಇಲ್ಲಿಯ ಜಿಜ್ಞಾಸೆ.

1932ರಲ್ಲಿ ಚ್ಯಾಡ್ವಿಕ್ ಪಂಡಿತರು ಕಂಡುಹಿಡಿದ ನ್ಯೂಟ್ರಾನ್ ಎಂಬ ಕಣವು ಇಂತಹ ಉಪಾಯಗಳಲ್ಲೊಂದು. ಅದಕ್ಕೆ ವಿದ್ಯುದಾವೇಶವಿಲ್ಲ. ಕ್ಷ-ಕಿರಣವು ಪರಮಾಣುವಿನ ಹೊರಗಣ ಎಲೆಕ್ಟ್ರಾನುಗಳೊಡನೆ ವ್ಯವಹರಿಸುವುದು. ನ್ಯೂಟ್ರಾನಾದರೋ ಅವುಗಳನ್ನು ದಾಟಿ ನಡುವಣ ಬೀಜವನ್ನೇ ಮುಟ್ಟುವುದು. ಆದುದರಿಂದ ಕ್ಷ-ಕಿರಣಕ್ಕೆ ಅಭೇದ್ಯವಾದ ಸೀಸವು ನ್ಯೂಟ್ರಾನಿಗೆ ದಾರಿ ಕೊಡುವುದು. ಅತಿ ಹಗುರವಾದ ಜಲಜನಕವು ಅದನ್ನು ತಡೆಯುವುದು. ಸೀಸದ ಪಾತ್ರೆಯಲ್ಲಿ ಎಣ್ಣೆಯಿದ್ದರೆ ಕ್ಷ-ಕಿರಣಕ್ಕೆ ಪಾತ್ರೆಯೇ ಕಾಣುವುದು, ನ್ಯೂಟ್ರಾನಿಗೆ ಎಣ್ಣೆಯು ಕಾಣುವುದು. ಸ್ವಿಟ್ಜರ್ಲೆಂಡಿನಲ್ಲಿ ಬೌದ್ಧ ಲೋಹಮೂರ್ತಿಗಳ ಒಡಲೊಳಗೆ ಹಿಂದಿನವರು ಇರಿಸಿದ್ದ ದ್ರವ್ಯಗಳನ್ನು ಈ ಬಗೆಯಿಂದಲೇ, ಮೂರ್ತಿಯನ್ನು ತೆರೆಯದೆ, ನೋಡಿದ್ದಾರೆ.

ಇನ್ನೊಂದು ಬಗೆಯುಂಟು. ವೇಗವನ್ನು ತಗ್ಗಿಸಿದ ನ್ಯೂಟ್ರಾನು ತರಂಗದಂತೆಯೂ ವರ್ತಿಸುವುದು. ಆ ತರಂಗದ ಉದ್ದವು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದೆರಡು ಪಾಲು. ಘನವಸ್ತುಗಳಲ್ಲಿ ಪರಮಾಣುಗಳ ನಡುವಣ ಅಂತರವೂ ಹೆಚ್ಚುಕಡಮೆ ಅಷ್ಟೇ. ಆದಕಾರಣ ನ್ಯೂಟ್ರಾನುಗಳು ನಿಯತವಾದ ಕೋನಗಳಲ್ಲಿ ಚದರುವುವು. ಧೂಮದಿಂದ ಅಗ್ನಿಯನ್ನು ಊಹಿಸುವಂತೆ ಆ ಕೋನಗಳೆಂಬ ಲಿಂಗದಿಂದ ಪರಮಾಣುಗಳ ವಿನ್ಯಾಸವನ್ನು ಅನುಮಾನಿಸುವರು. ಬೆಸುಗೆಯ ಲೋಹದಲ್ಲಿ ಅಡಗಿರುವ ಬಿಗಿತ, ಅಯಸ್ಕಾಂತದ ಒಳವ್ಯವಸ್ಥೆ, ಬ್ಯಾಟರಿಯೊಳಗಣ ಲಿಥಿಯಮ್ಮಿನ ಸಂಚಾರ ಮೊದಲಾದ ನೂತನದ್ರವ್ಯಗಳ ಮರ್ಮಗಳನ್ನು ಹೀಗೆಯೇ ಅರಿಯುವರು. ಈ ಮಾರ್ಗವನ್ನು ತೆರೆದ ಶಲ್ ಮತ್ತು ಬ್ರಾಕ್‌ಹೌಸ್ ಎಂಬವರಿಗೆ 1994ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ನ್ಯೂಟ್ರಾನು ತಾಗಿದ ವಸ್ತುವು ತಾನೇ ವಿಕಿರಣಶೀಲವಾಗದೇ ಎಂದು ಇಲ್ಲಿ ಆಶಂಕೆಯುಂಟಾಗಬಹುದು. ಆಗುವುದು ನಿಜ. ತಾಮ್ರದಲ್ಲಿ ಹುಟ್ಟುವ ವಿಕಿರಣದ ಮುಖ್ಯಭಾಗವು ಹದಿಮೂರು ಗಂಟೆಗಳೊಳಗೆ ಅರ್ಧವಾಗಿ, ಕೆಲವು ದಿನಗಳಲ್ಲಿ ನಾಮಾವಶೇಷವಾಗುವುದು. ಕೋಬಾಲ್ಟಿನದಾದರೋ ಅರ್ಧವಾಗಲು ಐದು ವರ್ಷಕ್ಕೂ ಮೇಲಾಗುವುದು. ಆದುದರಿಂದ ಘಟಕಗಳನ್ನು ಊಹಿಸಿ, ಕಿರಣದ ಪ್ರಮಾಣವನ್ನು ಮೊದಲೇ ಗಣಿಸತಕ್ಕದ್ದು. ಈ ದೋಷವೇ ಬೇರೊಂದು ಕಡೆ ಗುಣವಾಗಿರುವುದು: ಪ್ರತಿಯೊಂದು ಧಾತುವೂ ತನ್ನದೇ ಆದ ಗಾಮಾಕಿರಣಗಳನ್ನು ಸೂಸುವುದರಿಂದ, ಅತ್ಯಲ್ಪವಾದ ಬೆರಕೆಯನ್ನೂ ಹೆಸರಿಡಿದು ಹೇಳಬಹುದು. 1936ರಲ್ಲಿ ಹೆವೆಸಿ ಮತ್ತು ಲೆವಿ ಎಂಬವರು ಇದನ್ನು ತೋರಿಸಿದರು.

ಇನ್ನು ಸಾಧನದ ವಿಚಾರ. ಮಂಗಳೂರಿಗೆ ಅನತಿದೂರದ ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಎಂಬ ಯಂತ್ರವನ್ನು ಸ್ಥಾಪಿಸಿದ್ದಾರೆ. ಅದು ಎಲೆಕ್ಟ್ರಾನುಗಳಿಗೆ 80 ಲಕ್ಷ ಎಲೆಕ್ಟ್ರಾನ್‌ವೋಲ್ಟುಗಳ ಶಕ್ತಿಯನ್ನು ಕೊಡುವಂತಹದು. ಆ ಕಿರಣಕ್ಕೆ ದ್ರವ್ಯಗಳನ್ನು ಒಡ್ಡಿ ಅವುಗಳಲ್ಲಾಗುವ ವಿಕಾರಗಳನ್ನು ಪರಿಶೀಲಿಸುವುದು ಅಲ್ಲಿಯ ಕಾರ್ಯ. ಪ್ರಬಲವಾದ ನ್ಯೂಟ್ರಾನ್ ಪ್ರವಾಹವನ್ನಾದರೋ ಪರಮಾಣುಸ್ಥಾವರದಿಂದ ಪಡೆಯಬಹುದು. ಭಾರತದಲ್ಲಿ ಅಪ್ಸರಾ ಎಂಬ ಮೊದಲ ಸ್ಥಾವರವು 1956ರಲ್ಲಿಯೂ, 100 ಮೆಗಾವ್ಯಾಟ್ ಸಾಮರ್ಥ್ಯದ ಧ್ರುವ ಎಂಬುದು 1985ರಲ್ಲಿಯೂ ಟ್ರಾಂಬೆಯಲ್ಲಿ ಆರಂಭವಾದುವು. ಕನ್ನಡನಾಡಿನವರೇ ಆದ ರಾಜಾ ರಾಮಣ್ಣನವರು ಅಲ್ಲಿಯ ನ್ಯೂಟ್ರಾನ್ ಸಂಶೋಧನೆಯ ಅಗ್ರಗಣ್ಯರಲ್ಲೊಬ್ಬರು.

ಹೀಗಿರಲು, ವಸ್ತುವೇ ಸ್ಥಾವರದ ಬಳಿಗೆ ಹೋಗಬೇಕಲ್ಲದೆ ಸ್ಥಾವರವು ವಸ್ತುವಿನ ಬಳಿಗೆ ಬಾರದು. ಪೂಜೆಯಲ್ಲಿರುವ ಮೂರ್ತಿಯನ್ನು ಕದಲಿಸುವುದು ಯುಕ್ತವಲ್ಲ. ಅದರ ವಿಷಯದಲ್ಲಿ ಶಾಸನ ಮತ್ತು ಶಿಲ್ಪಲಕ್ಷಣಗಳೇ ನಮಗೆ ಪ್ರಮಾಣವಾಗಿ ಉಳಿಯುವುವು. ಸಂಗ್ರಹಾಲಯದ ಲೋಹವಸ್ತುಗಳಿಗೆ ಈ ನಿರ್ಬಂಧವಿಲ್ಲ. ಆದರೆ ಅವನ್ನು ಕಳುಹಿಸುವ ಮೊದಲು ಯಾವ ಪ್ರಶ್ನೆಗೆ ಉತ್ತರವನ್ನು ಬಯಸುತ್ತೇವೆಂಬುದನ್ನು ಇತಿಹಾಸಜ್ಞರೂ ವಿಜ್ಞಾನಿಗಳೂ ಕೂಡಿ ನಿಶ್ಚಯಿಸಬೇಕು. ಪ್ರಶ್ನೆಯು ಸಂದಿಗ್ಧವಾಗಿದ್ದರೆ ಎಷ್ಟು ಸೂಕ್ಷ್ಮವಾದ ಕಿರಣವೂ ನಿರ್ಣಯವನ್ನು ಕೊಡಲಾರದು.