ಕಂಚಿನ ತಾರಾವಿಗ್ರಹಗಳ ಲಕ್ಷಣ

ಡಂಬಳದ ಕ್ರಿ.ಶ. 1095ರ ಶಾಸನದಲ್ಲಿ ತಾರಾದೇವಿಯ ಸ್ತುತಿಯುಂಟು; ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬೌದ್ಧವಿಹಾರವೊಂದನ್ನು ಕಟ್ಟಿಸಿದ್ದರು. ಬಳ್ಳಿಗಾವೆಯಲ್ಲಿಯೂ ತಾರಾಭಗವತಿಗೆ ಪೂಜೆ ಸಲ್ಲುತ್ತಿತ್ತು. ಕನ್ನಡನಾಡಿಗೆ ಈ ದೇವಿ ಅಪರಿಚಿತಳಲ್ಲ. ಆದಕಾರಣ ಕೈಯಲ್ಲಿ ಹೂವುಳ್ಳ ಕಂಚಿನ ಸ್ತ್ರೀವಿಗ್ರಹವೊಂದು ದೊರೆತೊಡನೆ ಅದನ್ನು ಲಕ್ಷ್ಮಿಯೆಂದು ನಿರ್ಣಯಿಸುವ ವಾಡಿಕೆಯನ್ನು ನಾವು ಒಪ್ಪಲಾರೆವು.

ದ್ವಿಭುಜೆಯಾದ ತಾರೆಯ ಬಲಗೈ ವರದಮುದ್ರೆಯಲ್ಲಿರುತ್ತದೆ. ಎಡಗೈ ನೀಲೋತ್ಪಲದ ದಂಟನ್ನು ಹಿಡಿದಿರುತ್ತದೆ. ತೊಡಕಿರುವುದು ಇಲ್ಲಿಯೇ. ವಿಷ್ಣುವಿನ ಬಲಕ್ಕೆ ನಿಲ್ಲುವ ದಕ್ಷಿಣದೇಶದ ಶ್ರೀದೇವಿಯೂ ಎಡಗೈಯಲ್ಲಿಯೇ ಹೂ ಹಿಡಿಯುತ್ತಾಳೆ. ಆದರೆ ಅವಳ ಬಲಗೈ ತೊಡೆಯ ಪಕ್ಕದಲ್ಲಿ ಸಡಿಲವಾಗಿ ಇಳಿಬಿದ್ದಿರುತ್ತದೆ. ತಾರೆಯದಾದರೋ ಅಂಗೈಯನ್ನು ಹೊರಕ್ಕೆ ತೋರಿ ವರವೀಯುತ್ತದೆ. ಪದ್ಮದ ಎಸಳು ಅಗಲ, ಉತ್ಪಲದ್ದು ಕಿರಿದು, ಚೂಪು. ಖದಿರವಣೀ ತಾರೆಯ ಮುಕುಟದಲ್ಲಿ ಅಮೋಘಸಿದ್ಧಿಯೂ ಇಕ್ಕೆಲಗಳಲ್ಲಿ ಮಾರೀಚೀ, ಏಕಜಟೆಯರೂ ಇದ್ದರೆ ಸಂದೇಹಕ್ಕೆ ಎಡೆಯಿಲ್ಲ.

ಕಂಚಿನಲ್ಲಿ ಬೇರೊಂದು ಕಷ್ಟವುಂಟು. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ವರ್ಣಿಸುವಂತೆ, ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಪೊಳ್ಳಿಗೆ ಲೋಹವನ್ನು ಎರೆಯುತ್ತಾರೆ. ಹೀಗೆ ಎರಕಗೊಂಡ ತೆಳುವಾದ ದಂಟು ಸುಲಭವಾಗಿ ಮುರಿಯುತ್ತದೆ. ಆಗ ತೋಳಿನ ಮೇಲೆ ದಂಟು ಅಂಟಿದ್ದ ಗುರುತನ್ನು ಹುಡುಕಬೇಕು.

ಪೀಠವನ್ನಂತೂ ಅಲಕ್ಷಿಸಲಾಗದು. ಮಂಗಳೂರಿನ ಕದ್ರಿಯ ಶೈವಾಲಯದಲ್ಲಿರುವ ಮೂರು ಮುಖ, ಆರು ತೋಳುಗಳ ಕಂಚಿನ ಮೂರ್ತಿಯನ್ನು ಲೋಕೇಶ್ವರನೆಂದು ಹೆಸರಿಸಿ, ಕದರಿಕಾ ವಿಹಾರವನ್ನೂ ಆಳುಪ ಕುಂದವರ್ಮನನ್ನೂ ನಮಗೆ ತಿಳಿಸಿಕೊಟ್ಟುದು ಅದರ ಪೀಠದಲ್ಲಿರುವ ಕ್ರಿ.ಶ. 968ರ ಶಾಸನವೇ.